ಆಚಾರ್ರ ರೇಟು

ಮಕ್ತಲದ ಪೇಟೆಯಲ್ಲಿ ವಾದೀಂದ್ರಾಚಾರ್ಯರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಿಕ್ಕಿಲ್ಲ. ರೇಟಿನ ಆಚಾರ್ರು ಅನ್ನಿ, ಚಹದ ಅಂಗಡಿಯವನೇ ಎದ್ದು ಬಂದು ಓಣಿಯ ತನಕ ಬಿಟ್ಟು ಹೋಗುತ್ತಾನೆ. ಹನ್ನೆರಡು ವರ್ಷ ಅವರು ಮಾಡಿದ ಕೆಲಸ ಒಂದೇ. ತಿಂಗಳಿಗೊಮ್ಮೆ ನಾರಾಯಣಪೇಟೆ, ಮಕ್ತಲ, ಗದ್ವಾಲ ಮೂರೂ ಊರಿನ ಅಂಗಡಿಗಳಿಗೆ ಹೋಗಿ ಬೇಳೆ, ಬೆಲ್ಲ, ಎಣ್ಣೆ, ಸಾಬೂನು, ಸೀರೆ, ಚಪ್ಪಲಿಗಳ ಬೆಲೆ ಕೇಳಿ ಬರೆದುಕೊಳ್ಳುವುದು. ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ, ಬರೀ ಕೇಳುವುದು. ಇದೂ ಒಂದು ನೌಕರಿಯೇ ಎಂದು ಮೊದಮೊದಲು ಜನ ನಕ್ಕರು. ನಗುವವರಿಗೇನು, ತಿಂಗಳ ಕೊನೆಗೆ ಅಕ್ಕಿ ತರುವವರು ಅವರಲ್ಲವಲ್ಲ!

ಅಜ್ಜ ಮಕ್ತಲದಲ್ಲೇ ಅರ್ಚಕರು. ತಂದೆ ತಹಸೀಲಿನಲ್ಲಿ ಕಾರಕೂನರು, ಉರ್ದುವಿನಲ್ಲಿ ಮುತ್ತಿನಂಥ ಅಕ್ಷರ ಬರೆದವರು. ವಾದೀಂದ್ರಾಚಾರ್ಯರಿಗೆ ಪೂಜೆಯೂ ಒಗ್ಗಲಿಲ್ಲ, ಸರ್ಕಾರಿ ನೌಕರಿಯೂ ಸಿಗಲಿಲ್ಲ. ಗಡಿ ದಾಟಿ ರಾಯಚೂರಿನಲ್ಲಿ ಬಿ.ಕಾಂ. ಓದಿ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತರಾದರು. ಮಿಲ್ಲು ಮುಚ್ಚಿದಾಗ ವಯಸ್ಸು ನಲವತ್ತೆಂಟು. ಆಗ ಸಿಕ್ಕಿತು ಈ ಗುತ್ತಿಗೆ ಕೆಲಸ. ಬೆಲೆ ಸಂಗ್ರಹಿಸಿ ಮೇಲಿನವರಿಗೆ ಕಳಿಸುವ ಒಂದು ಖಾಸಗಿ ಸಂಸ್ಥೆ, ನಾರಾಯಣಪೇಟೆಯಲ್ಲಿ ಅದಕ್ಕೊಂದು ಕೋಣೆ, ಕೋಣೆಗೊಬ್ಬ ಮೇಲ್ವಿಚಾರಕ, ಆಂಜನೇಯುಲು.

ಆ ಕೆಲಸವನ್ನು ಅವರು ಮಡಿಯಲ್ಲಿ ಮಾಡಿದ ಹಾಗೆ ಮಾಡಿದರು ಅನ್ನಬೇಕು. ಚೀಲದಲ್ಲಿ ಬೆಳ್ಳಿ ತೂಗುವಂಥ ಸಣ್ಣ ತಕ್ಕಡಿ, ಸೀರೆ ಅಳೆಯಲು ಟೇಪು. ಹೋದ ತಿಂಗಳು ನೂರು ಗ್ರಾಂ ಇದ್ದ ಸಾಬೂನು ಈ ತಿಂಗಳು ಅದೇ ಬೆಲೆಗೆ ತೊಂಬತ್ತು ಗ್ರಾಂ ಆಗಿದ್ದರೆ ಕಂಪನಿಗೂ ಮೊದಲು ಮಕ್ತಲದ ಆಚಾರ್ರಿಗೆ ಗೊತ್ತು. ಅದೇ ಸಾಮಾನು, ಅದೇ ತೂಕ, ಅದೇ ಅಂಗಡಿ. ಅದರಲ್ಲಿ ಒಂದು ಕೂದಲೆಳೆ ಆಚೀಚೆ ಆದರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಯಾಕೆ ಅಷ್ಟು ಕಟ್ಟುನಿಟ್ಟು ಎಂದರೆ, ಹೈದರಾಬಾದಿನ ತರಬೇತಿಯಲ್ಲಿ ಒಬ್ಬ ಮೇಡಂ ಬಿಡಿಸಿ ಹೇಳಿದ್ದರು. ನಮ್ಮ ರೂಪಾಯಿಗೂ ಬೇರೆ ದೇಶದ ದುಡ್ಡಿಗೂ ಬ್ಯಾಂಕಿನವರು ಹೇಳುವ ದರ ಒಂದು. ಆ ದುಡ್ಡಿಗೆ ಅಲ್ಲಿ ಎಷ್ಟು ಬೇಳೆ, ಎಷ್ಟು ಬಟ್ಟೆ ಬರುತ್ತದೆ ಎನ್ನುವುದು ಇನ್ನೊಂದು. ಎರಡನೆಯದು ತಿಳಿಯಬೇಕಾದರೆ ಎಲ್ಲ ದೇಶಗಳಲ್ಲೂ ಒಂದೇ ಬಗೆಯ ಸಾಮಾನು ಹಿಡಿದು, ಸಾಮಾನ್ಯ ಮಂದಿ ಕೊಡುವ ಬೆಲೆಯನ್ನೇ ಕೇಳಬೇಕು. ಕೇಳಿದ್ದು ಸರಿಯೋ ತಪ್ಪೋ ನೋಡಲು ಒಂದು ಉಪಾಯವಿದೆ. ನೂರು ರೂಪಾಯಿಯನ್ನು, ಹೆಜ್ಜೆಗೊಂದು ಬಗೆಯ ಸಾಮಾನು ಹಿಡಿದು, ಮೊದಲ ದೇಶದಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಮೂರನೆಯದರಿಂದ ತಿರುಗಿ ಮೊದಲನೆಯದಕ್ಕೆ ಲೆಕ್ಕದಲ್ಲಿ ಕರೆದುಕೊಂಡು ಬಂದರೆ ನೂರಕ್ಕೆ ನೂರು ಮನೆ ಸೇರಬೇಕು. ಸುತ್ತು ಕೂಡದಿದ್ದರೆ ನಡುವೆ ಯಾರೋ ಬೇರೆ ಏನನ್ನೋ ಅಳೆದಿದ್ದಾರೆ ಎಂದರ್ಥ.

ಆಚಾರ್ಯರಿಗೆ ಈ ಮಾತು ಬಹಳ ಹಿಡಿಸಿತು. ಮನೆಗೆ ಬಂದು ಹೆಂಡತಿ ಸುಶೀಲಾಬಾಯಿಗೆ ಹೇಳಿದರು, "ನಮ್ಮ ಮಕ್ತಲದ ಬ್ಯಾಳಿ ದಿಲ್ಲಿಗೆ ಹೋಗ್ತದ, ಅಲ್ಲಿಂದ ಜಗತ್ತಿನ ಲೆಕ್ಕಕ್ಕ ಸೇರ್ತದ."

"ಜಗತ್ತಿಂದು ಇರ್ಲಿ, ಮನ್ಯಾಗ ಬ್ಯಾಳಿ ತೀರ್ಯದ," ಎಂದಳು ಆಕೆ.

ಮಕ್ತಲದ ಕಿರಾಣಿ ಬೆಲೆಗೆ ಆಚಾರ್ಯರು ಆರಿಸಿಕೊಂಡದ್ದು ಮಹಾಂತಯ್ಯನ ಅಂಗಡಿ. ಮೂರು ತಲೆಯಿಂದ ಅವರ ಮನೆಗೆ ಬೇಳೆ ಬೆಲ್ಲ ಬರುವ ಅಂಗಡಿ ಅದು. ಮಹಾಂತಯ್ಯ ಹಣೆಯ ತುಂಬ ವಿಭೂತಿ ಹಚ್ಚುವ, ಮಿತ ಮಾತಿನ ಮನುಷ್ಯ. ನಾರಾಯಣಪೇಟೆ, ಗದ್ವಾಲದ ಅಂಗಡಿಯವರು ಒಮ್ಮೊಮ್ಮೆ ತೆರಿಗೆಯವರೋ ಏನೋ ಎಂದು ಹೆದರಿ ಏನಾದರೊಂದು ಬೆಲೆ ಹೇಳಿ ಕಳಿಸುತ್ತಿದ್ದರು. ಅಲ್ಲಿ ಎರಡೆರಡು ಅಂಗಡಿ ಕೇಳಿ ತಾಳೆ ನೋಡಬೇಕಾಗುತ್ತಿತ್ತು. ಮಹಾಂತಯ್ಯನ ಹತ್ತಿರ ಆ ಕಾಟವಿಲ್ಲ. "ಬಾಯಿ ರೇಟು ಬ್ಯಾಡ ಮಹಾಂತಯ್ಯಾ, ಕೊಡೂ ರೇಟು ಹೇಳು," ಎನ್ನುವರು. ಅವನು ಕೊಡುವ ರೇಟನ್ನೇ ಹೇಳುವನು. ಅದೇ ದಿನ ಮನೆಗೆ ಕಿಲೋ ಬೇಳೆ ಕಟ್ಟಿಸಿಕೊಂಡರೆ ಅದೇ ರೇಟು ತೆಗೆದುಕೊಳ್ಳುವನು. ಇದಕ್ಕಿಂತ ಪುರಾವೆ ಬೇಕೇ?

ಹತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಪರದೇಶಗಳ ಜೊತೆ ಹೋಲಿಸುವ ಒಂದು ದೊಡ್ಡ ಸುತ್ತು ಬಂತು. ಅದಕ್ಕಾಗಿ ಒಂದೇ ಪಟ್ಟಿಯನ್ನು ಇಬ್ಬರು ಬೇರೆಬೇರೆಯಾಗಿ ಬರೆದು ತಾಳೆ ನೋಡಬೇಕೆಂದು ಸಂಸ್ಥೆಯವರು ಭುವನೇಶ್ವರಿ ಎಂಬ ಹುಡುಗಿಯನ್ನು ತೆಗೆದುಕೊಂಡರು. ದಾಮರಗಿದ್ದದವಳು. ಅಪ್ಪ ಇಲ್ಲ. ಅವ್ವ ಬುಚ್ಚಮ್ಮ ವರ್ಷವರ್ಷ ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಮಗಳನ್ನು ಓದಿಸಿದ್ದಳು. ಸುತ್ತು ಮುಗಿಯುವವರೆಗೆ ಕೆಲಸ ಸರಿಯಾಗಿ ಮಾಡಿದರೆ ಖಾಯಂ ಇಟ್ಟುಕೊಳ್ಳುತ್ತೇವೆ ಎಂದು ಆಂಜನೇಯುಲು ಮಾತು ಕೊಟ್ಟಿದ್ದರು.

ಮೊದಲ ಸಂಬಳದ ದಿನ ಹುಡುಗಿ ಪೇಢೆ ತಂದು ಆಚಾರ್ಯರ ಮುಂದೆ ಹಿಡಿದಳು.

"ಈ ವರ್ಷ ನಮ್ಮವ್ವ ಹೈದರಾಬಾದಿಗೆ ಹೋಗೂದಿಲ್ರಿ ಸರ್ರೀ. ದೀಪಾವಳಿ ಆದ ಮ್ಯಾಲೆ ಮೇಸ್ತ್ರಿ ಲಾರಿ ತಂದು ನಿಲ್ಲಸ್ತಾನಲ್ರಿ, ಆಗ ಓಣಿಗೆ ಓಣಿನೇ ಕೀಲಿ ಬೀಳತೈತಿ. ಈ ಸಲ ನಮ್ಮನಿ ಬಾಗಿಲು ತೆರದಿರತೈತಿ."

"ಛಲೋ ಆತು ತಂಗಿ," ಎಂದು ಆಚಾರ್ಯರು ಎರಡು ಪೇಢೆ ತೆಗೆದುಕೊಂಡರು. ಖುಷಿಯೇ ಆಗಿತ್ತು. ಅದರಲ್ಲಿ ಕಪಟವೇನೂ ಇರಲಿಲ್ಲ.

ತಾಪತ್ರಯ ಶುರುವಾದದ್ದು ಎರಡನೆಯ ತಿಂಗಳು. ನಾರಾಯಣಪೇಟೆಯ ಕೋಣೆಯಲ್ಲಿ ಇಬ್ಬರ ಪಟ್ಟಿಗಳನ್ನು ಮಗ್ಗುಲಿಗಿಟ್ಟು ನೋಡುತ್ತಿದ್ದರು. ನಾರಾಯಣಪೇಟೆಯದು ಕೂಡಿತು, ಗದ್ವಾಲದ್ದು ಕೂಡಿತು. ಮಕ್ತಲದ ಕಿರಾಣಿ ಮಾತ್ರ ಕೂಡಲೊಲ್ಲದು.

"ಸರ್ರೀ, ನಿಮ್ಮ ತೊಗರಿಬ್ಯಾಳಿ ತೊಂಬತ್ತೆಂಟು ಐತಿ, ನಂದು ನೂರಾ ಎಂಟು ಐತ್ರಿ."

"ಯಾವ ಅಂಗಡಿ?"

"ಅದೇರಿ, ಮಹಾಂತಯ್ಯನವರದು."

"ಹಂಗಾದ್ರ ನೀ ಬ್ಯಾರೆ ಬ್ಯಾಳಿ ಕೇಳೀದಿ. ಎಣ್ಣಿ ಹಚ್ಚಿದ್ದೋ ಹಚ್ಚದ್ದೋ ನೋಡಿದ್ಯಾ?"

"ಎರಡು ಸಲ ಹೋಗಿ ನೋಡೀನ್ರಿ. ಅದೇ ಬ್ಯಾಳಿ, ಅದೇ ಚೀಲ. ಬೆಲ್ಲಾನೂ ಹಂಗ, ಎಣ್ಣಿನೂ ಹಂಗ." ಹುಡುಗಿ ಪಟ್ಟಿಯ ಮೇಲೆ ಬೆರಳಿಟ್ಟಳು. "ಸಿಟ್ಟಾಗಬ್ಯಾಡ್ರಿ. ನಿಮಗೊಂದು ರೇಟು, ಮಂದಿಗೊಂದು ರೇಟು ಹೇಳತಾರೇನೋ ಅಂತ ನನಗ ಅನುಮಾನರಿ."

ಆಚಾರ್ಯರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು. "ಏನಂದಿ? ಮಹಾಂತಯ್ಯ ನನಗ ಸುಳ್ಳು ಹೇಳ್ತಾನ? ಮೂರು ತಲಿಯಿಂದ ಅವನ ಅಂಗಡಿ ಬ್ಯಾಳಿ ತಿಂದೀವಿ ನಾವು! ನಿನ್ನೆ ಬಂದಾಕಿ, ನನಗ ಕಲಸ್ತೀ?"

ನೋಡಿ, ಉತ್ತರ ಅಲ್ಲೇ ಇತ್ತು. ಮೂರು ತಲೆ ಎಂದು ತಮ್ಮ ಬಾಯಿಂದಲೇ ಹೇಳಿದರು. ಹೇಳಿದ್ದು ತಮ್ಮ ಕಿವಿಗೇ ಬೀಳಲಿಲ್ಲ. ಹುಡುಗಿಯ ಮುಖ ಸಪ್ಪಗಾಯಿತು, ಪಟ್ಟಿ ಮಡಚಿಕೊಂಡು ಹೊರಗೆ ಹೋದಳು.

ಮೂರು ದಿನ ಬಿಟ್ಟು ನಾನೇ ಮಕ್ತಲಕ್ಕೆ ಬಂದು ತನಿಖೆ ಮಾಡುತ್ತೇನೆ ಎಂದು ಆಂಜನೇಯುಲು ಹೇಳಿದರು. ಅಂದು ಮಧ್ಯಾಹ್ನ ಆಚಾರ್ಯರು ಗದ್ವಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದರು. ಯಾಕೋ ಮೇಡಂ ಹೇಳಿದ ಉಪಾಯ ನೆನಪಾಯಿತು. ಇಷ್ಟು ವರ್ಷ ಅದನ್ನು ತಮ್ಮ ಊರುಗಳ ಮೇಲೆ ಹಚ್ಚಿ ನೋಡುವ ದರ್ದು ಬಿದ್ದಿರಲಿಲ್ಲ. ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ತಾರೀಖು ಹಾಕಿ, ಲೆಕ್ಕ ಶುರು ಮಾಡಿದರು. ನಾರಾಯಣಪೇಟೆಯಿಂದ ಮಕ್ತಲಕ್ಕೆ ಕಿರಾಣಿ ಸಾಮಾನು ಹಿಡಿದು ಬಂದರು. ಮಕ್ತಲದಿಂದ ಗದ್ವಾಲಕ್ಕೆ ಸಂತೆಯ ಕಾಯಿಪಲ್ಲೆ ಹಿಡಿದು ಹೋದರು. ಗದ್ವಾಲದಿಂದ ನಾರಾಯಣಪೇಟೆಗೆ ಬಟ್ಟೆ ಹಿಡಿದು ತಿರುಗಿ ಬಂದರು. ನೂರು ಹೊರಟದ್ದು ತೊಂಬತ್ತೆರಡಾಗಿ ಮನೆಗೆ ಬಂತು.

ಎಲ್ಲೋ ಗುಣಾಕಾರ ತಪ್ಪಿತು ಎಂದು ಇನ್ನೊಮ್ಮೆ ಮಾಡಿದರು. ತೊಂಬತ್ತೆರಡೇ. ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, ಮಕ್ತಲದ ಕಿರಾಣಿಗೆ ಆ ಹುಡುಗಿಯ ಅಂಕಿಗಳನ್ನು ಹಾಕಿ ನೋಡಿದರು. ಬಸ್ಸು ಜೂರಾಲ ಅಣೆಕಟ್ಟು ದಾಟುವಷ್ಟರಲ್ಲಿ ಉತ್ತರ ಬಂತು. ತೊಂಬತ್ತೊಂಬತ್ತೂವರೆ. ಸುತ್ತು ಕೂಡಿತ್ತು.

ಲೆಕ್ಕ ಹುಡುಗಿಯ ಕಡೆ ಇತ್ತು. ಆದರೆ ಲೆಕ್ಕಕ್ಕಿಂತ ಮಹಾಂತಯ್ಯ ದೊಡ್ಡವನಲ್ಲವೇ? ತಾವೇ ಕೈಯಾರೆ ದುಡ್ಡು ಕೊಟ್ಟು ತಂದ ಬೇಳೆ ಸುಳ್ಳಾದೀತೇ? ಕಾಯಿಪಲ್ಲೆಯಲ್ಲಿ ಏನೋ ಎಡವಟ್ಟಾಗಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದರು.

ತನಿಖೆಯ ದಿನ ನಾಲ್ಕು ಜನ ಅಂಗಡಿಯಲ್ಲಿ ನಿಂತರು. ಆಂಜನೇಯುಲು ತೆಲುಗಿನಲ್ಲಿ, "ಆಚಾರ್ಯುಲು ಗಾರೂ, ನೀವೇ ಕೇಳಿ," ಎಂದರು. ಆಚಾರ್ಯರು ಮುಂದೆ ಬಂದು ಎಂದಿನಂತೆ ಕೇಳಿದರು. ಮಹಾಂತಯ್ಯ ಒಮ್ಮೆ ಆಂಜನೇಯುಲುರನ್ನು ನೋಡಿದ, ಒಮ್ಮೆ ಆಚಾರ್ಯರನ್ನು ನೋಡಿದ. "ತೊಂಬತ್ತೆಂಟು ರೀ."

"ಅಣ್ಣಾರ, ನನಗ ಎರಡು ಸಲ ನೂರಾ ಎಂಟು ಅಂದಿದ್ರೆಲ್ಲರಿ?" ಎಂದಳು ಭುವನೇಶ್ವರಿ.

"ನೂರು ಮಂದಿ ಬರತಾರ ತಂಗಿ. ನೆನಪಿಲ್ಲ," ಎಂದು ಮಹಾಂತಯ್ಯ ತಕ್ಕಡಿಯ ಕಡೆ ತಿರುಗಿದ.

ಅಷ್ಟೇ, ತೀರ್ಮಾನವಾಯಿತು. ಹುಡುಗಿ ಅಂಗಡಿಗೆ ಹೋಗದೆ ಮನೆಯಲ್ಲಿ ಕುಳಿತು ಅಂಕಿ ಬರೆದಿದ್ದಾಳೆ ಎಂದು ಆಂಜನೇಯುಲು ಅವಳನ್ನು ಕೆಲಸದಿಂದ ತೆಗೆಯುವ ಕಾಗದ ಮಾಡಿದರು. ಅಂಗಡಿಯ ಹೊರಗೆ ಬೇವಿನ ಮರದ ಕೆಳಗೆ ಭುವನೇಶ್ವರಿ ಆಚಾರ್ಯರಿಗೆ ಅಡ್ಡ ಬಂದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ದನಿ ಗಟ್ಟಿ ಇತ್ತು.

"ಸರ್ರೀ, ನಂದು ಖರೇ ಅಂತ ಹೇಳಬ್ಯಾಡ್ರಿ. ಹುಡುಗಿ ಸುಳ್ಳು ಬರಿಯಾಕಿ ಅಲ್ಲ ಅಂತ ಅಷ್ಟು ಹೇಳ್ರಿ, ಸಾಕು."

ಜೇಬಿನಲ್ಲಿ ಹಾಳೆ ಇತ್ತು. ಕೈ ಅದರ ಮೇಲೇ ಇತ್ತು. ತೆಗೆದು ಆಂಜನೇಯುಲುರ ಕೈಗೆ ಕೊಟ್ಟಿದ್ದರೆ ಆ ತಲೆ ಒಂದು ಕ್ಷಣ ನಿಂತು ಯೋಚಿಸುತ್ತಿತ್ತೋ ಏನೋ. ಆಚಾರ್ಯರು ಹಾಗೆ ಮಾಡಲಿಲ್ಲ. ಹತ್ತು ವರ್ಷದ ಹೆಸರು ನಿನ್ನೆ ಬಂದ ಹುಡುಗಿಯ ಮುಂದೆ ಮಣ್ಣುಪಾಲಾದೀತು ಎಂಬ ಭಯ. ಬೇರೆ ಏನೂ ಅಲ್ಲ, ಅಷ್ಟೇ.

"ನಾ ಕೇಳಿದ್ದು ನಾ ಬರದೀನಿ. ನಿಂದು ನಿನಗ ಗೊತ್ತು," ಎಂದು ಕಾಗದಕ್ಕೆ ಸಾಕ್ಷಿ ಸಹಿ ಹಾಕಿ ಮನೆಗೆ ಬಂದರು.

ಆ ವರ್ಷ ದೀಪಾವಳಿಯ ಮೇಲೆ ದಾಮರಗಿದ್ದಕ್ಕೆ ಲಾರಿ ಬಂತು. ಬುಚ್ಚಮ್ಮನೂ ಹತ್ತಿದಳು ಎಂದು ಯಾರೋ ಹೇಳಿದರು. ಆಚಾರ್ಯರು ಕೇಳಿಯೂ ಕೇಳದವರ ಹಾಗೆ ಇದ್ದುಬಿಟ್ಟರು. ಇನ್ನೆರಡು ವರ್ಷ ಕೆಲಸ ಮಾಡಿ, ಅರವತ್ತು ತುಂಬಿ, ಶಾಲು ಹೊದಿಸಿಕೊಂಡು ಮನೆಗೆ ಬಂದರು. ಹನ್ನೆರಡು ವರ್ಷ ಒಂದು ಅಂಕಿಯನ್ನೂ ತಪ್ಪದವರು ಎಂದು ಆಂಜನೇಯುಲು ಭಾಷಣ ಮಾಡಿದ್ದರು. ಆ ಹಾಳೆ ಮಾತ್ರ ಪಂಚಾಂಗದ ನಡುವೆ ಹಾಗೇ ಉಳಿಯಿತು. ಹರಿದು ಎಸೆಯಲು ಯಾಕೋ ಕೈ ಬರಲಿಲ್ಲ.

ಹೋದ ವರ್ಷ ರಾಯಚೂರಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು ಹದಿನೈದು ದಿನ ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ ಎಂದರು. ಸ್ನಾನವಿಲ್ಲ ಎಂದ ಮೇಲೆ ಹಣೆಗೆ ನಾಮವಿಲ್ಲ, ಅಂಗಾರವಿಲ್ಲ. ಬಗ್ಗಿ ಕಚ್ಚೆ ಹಾಕುವಂತಿಲ್ಲ ಎಂದ ಮೇಲೆ ಧೋತರವೂ ಇಲ್ಲ. ಅಳಿಯನ ಹಳೆಯ ಪ್ಯಾಂಟು, ಆಸ್ಪತ್ರೆಯವರು ಕೊಟ್ಟ ಅಷ್ಟಗಲದ ಕಪ್ಪು ಕನ್ನಡಕ, ತಲೆಗೆ ಟವೆಲು. ಆ ಅವತಾರ ನೋಡಿ ಸುಶೀಲಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಕೂತು ಕೂತು ಬೇಸರವಾಗಿ ಆಚಾರ್ಯರು ಹಾಗೇ ಪೇಟೆಯ ಕಡೆ ಹೊರಟರು.

ಮಹಾಂತಯ್ಯನ ಅಂಗಡಿಯಲ್ಲಿ ಗದ್ದಲವಿತ್ತು. ಪಕ್ಕದ ಹಿಟ್ಟಿನ ಗಿರಣಿ ಕಿವಿ ತೂತು ಬೀಳುವಂತೆ ಸದ್ದು ಮಾಡುತ್ತಿತ್ತು. ಆಚಾರ್ಯರು ಮಂದಿಯ ನಡುವೆ ನಿಂತು, ಬೇಳೆಯ ಚೀಲಕ್ಕೆ ಕೈ ತೋರಿಸಿ, "ಹೆಂಗ?" ಎಂದರು.

"ನೂರಾ ಎಂಬತ್ತು."

"ಏನು?"

"ಕಿಲೋಕ್ಕ ನೂರಾ ಎಂಬತ್ತಪಾ. ಬೇಕಂದ್ರ ತಗೋ, ಇಲ್ಲಂದ್ರ ಸರಿ. ಹಿಂದ ಮಂದಿ ನಿಂತಾರ."

ಹಿಂದಿನ ವಾರವಷ್ಟೇ ನೂರಾ ಅರವತ್ತನಾಲ್ಕಕ್ಕೆ ಬೇಳೆ ತಂದಿದ್ದರು. ಆಚಾರ್ಯರು ಕನ್ನಡಕ ತೆಗೆದರು. ಮಹಾಂತಯ್ಯನ ಕೈಯಲ್ಲಿದ್ದ ಸೇರು ಅಲ್ಲೇ ನಿಂತಿತು.

"ಅಯ್ಯಯ್ಯೋ! ಆಚಾರ್ರ, ನೀವೇನ್ರಿ! ತಗೋ ಅಂದುಬಿಟ್ಟೆ, ತಪ್ಪಾತ್ರಿ. ನಿಮಗ ನೂರಾ ಅರವತ್ತನಾಕು ರೀ, ಯಾವಾಗಿಂದೂ ಇರೂದ ಅಲ್ರಿ?"

ಮಂದಿ ಹೋಗುವ ತನಕ ಆಚಾರ್ಯರು ಗೋಣಿಚೀಲದ ಮೇಲೆ ಕುಳಿತರು. ಆಮೇಲೆ ಕೇಳಿದರು. ಮಹಾಂತಯ್ಯ ಕೈ ಕೈ ಹಿಸುಕಿಕೊಂಡ.

"ನಿಮ್ಮ ಅಜ್ಜಾರು ಈ ಅಂಗಡಿಗೆ ಮುಹೂರ್ತ ತಗದು ಕೊಟ್ಟಿದ್ರಂತ್ರಿ. ನಿಮ್ಮ ಮನಿತನದ ಮ್ಯಾಲೆ ಲಾಭ ಹಚ್ಚಬ್ಯಾಡ, ಅಸಲಿಗೇ ಕೊಡು ಅಂತ ನಮ್ಮ ಮುತ್ಯಾ ಹೇಳಿ ಹೋಗ್ಯಾನ. ನೀವು ಕೊಡೂ ರೇಟು ಕೇಳಿದ್ರಿ. ನಿಮಗ ಕೊಡೂ ರೇಟು ಅದ ರೀ. ನಾನೇನು ಸುಳ್ಳು ಹೇಳಲಿಲ್ರಿ."

"ಆ ಹುಡುಗಿ ಕೇಳಿದ ದಿವಸ?"

"ಹೆಂಗ ಹೇಳಲ್ರಿ ಆಚಾರ್ರ? ದೊಡ್ಡವರು ನಿಂತಿದ್ರು. ನೂರಾ ಎಂಟು ಅಂದಿದ್ರ ನಿಮ್ಮ ಮಾತು ಬೀಳತಿತ್ತು. ನಿಮ್ಮ ಮರ್ಯಾದಿ ಸಲುವಾಗಿ ನಾ ಬಾಯಿ ಮುಚ್ಚಿಕೊಂಡೆ."

ಸಿಟ್ಟು ಮೂಗಿನ ತುದಿಯಲ್ಲಿರುವ ಮನುಷ್ಯನಿಗೆ ಆ ದಿನ ಸಿಟ್ಟೇ ಬರಲಿಲ್ಲ. ಯಾರ ಮೇಲೆ ಬರಬೇಕು? ಸುಳ್ಳು ಹೇಳುವುದಿಲ್ಲ ಎಂದು ಆರಿಸಿಕೊಂಡ ಮನುಷ್ಯ ಸುಳ್ಳು ಹೇಳಿರಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದರು. ಆಕೆ ಕೆಲಸ ನಿಲ್ಲಿಸಿ ಗಂಡನನ್ನೇ ನೋಡಿದಳು.

"ನಮಗ ಅಸಲಿಗೇ ಕೊಡ್ತಾರ ಅಂತ ನನಗ ಮದುವಿ ಆಗಿ ಬಂದಾಗಿಂದ ಗೊತ್ತದರೀ. ಅತ್ತಿಯವರೇ ಹೇಳಿದ್ರು. ನಿಮಗ ಗೊತ್ತಿಲ್ಲ ಅನ್ನೋದು ನನಗ ಗೊತ್ತಿರಲಿಲ್ಲ."

ಜಗತ್ತಿನ ಲೆಕ್ಕ ಬರೆದ ಮನುಷ್ಯ ಮನೆಯ ಲೆಕ್ಕವನ್ನು ಹೆಂಡತಿಗೆ ಒಮ್ಮೆಯೂ ಕೇಳಿರಲಿಲ್ಲ! ಆಚಾರ್ಯರು ಆಂಜನೇಯುಲುಗೆ ಫೋನು ಮಾಡಿದರು. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಆ ಸುತ್ತು ಎಂದೋ ಮುಗಿಯಿತು, ಇನ್ನು ಅದನ್ನು ಕೆದಕಿದರೆ ಎಲ್ಲರಿಗೂ ತೊಂದರೆ, ಕಣ್ಣು ಜೋಪಾನ ಎಂದು ಫೋನಿಟ್ಟರು.

ಕಪ್ಪು ಕನ್ನಡಕ ತೆಗೆಯುವ ದಿನ ಬಂದ ಕೂಡಲೆ ಆಚಾರ್ಯರು ಪಂಚಾಂಗದಿಂದ ಹಾಳೆ ತೆಗೆದುಕೊಂಡು ದಾಮರಗಿದ್ದಕ್ಕೆ ಹೋದರು. ಬುಚ್ಚಮ್ಮನ ಮನೆಗೆ ಕೀಲಿ ಬಿದ್ದಿತ್ತು. ಮಗಳು ಮದುವೆಯಾಗಿ ಐಜದಲ್ಲಿದ್ದಾಳೆ, ಬಸ್ ಸ್ಟ್ಯಾಂಡಿನ ಹತ್ತಿರ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಚಿಕ್ಕಿ ಮಾಡಿ ಮಾರುತ್ತಾಳೆ ಎಂದು ನೆರೆಮನೆಯವರು ಹೇಳಿದರು. ಮರುದಿನ ಗದ್ವಾಲದ ಮೇಲೆ ಹಾದು ಐಜಕ್ಕೆ ಹೋದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದರು. ನೀನೇ ಸರಿ ಇದ್ದಿ, ಲೆಕ್ಕವೇ ಹೇಳುತ್ತದೆ ನೋಡು ಎನ್ನಬೇಕು. ಹಾಳೆ ನೋಡಿದರೆ ಹುಡುಗಿಗೆ ಅಷ್ಟಾದರೂ ಸಮಾಧಾನವಾದೀತು.

ತಗಡಿನ ಸಣ್ಣ ಅಂಗಡಿ. ಭುವನೇಶ್ವರಿ ಸ್ಟೂಲಿನ ಮೇಲೆ ಕುಳಿತು ಚಿಕ್ಕಿ ಕಟ್ಟುತ್ತಿದ್ದಳು. ಆಚಾರ್ಯರನ್ನು ಕಂಡು ಎದ್ದು ನಿಂತಳು, ಕುಳಿತುಕೊಳ್ಳಲು ಸ್ಟೂಲು ಸರಿಸಿದಳು. ಅವರು ಕುಳಿತುಕೊಳ್ಳಲಿಲ್ಲ. ಮಹಾಂತಯ್ಯನ ಅಸಲಿನ ಕಥೆಯನ್ನೆಲ್ಲ ತಡವರಿಸುತ್ತ ಹೇಳಿ, "ನೀ ಬರದದ್ದೇ ಖರೇ ಇತ್ತವ್ವಾ," ಎಂದು ಹಾಳೆಯನ್ನು ಮುಂದೆ ಹಿಡಿದರು.

ಅವಳು ಕೈ ಒರೆಸಿಕೊಂಡು ಹಾಳೆ ಬಿಡಿಸಿದಳು. ಮೂರು ಊರು, ಎರಡು ಸುತ್ತು, ತೊಂಬತ್ತೆರಡು, ತೊಂಬತ್ತೊಂಬತ್ತೂವರೆ. ಕಲಿತ ಕಣ್ಣು, ಬೇಗ ಓದಿತು. ಆಮೇಲೆ ಆ ಕಣ್ಣು ಹಾಳೆಯ ಮೇಲ್ಗಡೆ ಹೋಗಿ ಅಲ್ಲೇ ನಿಂತಿತು.

"ಸರ್ರೀ, ಈ ತಾರೀಖು... ಆಂಜನೇಯುಲು ಸರ್ರು ಅಂಗಡಿಗೆ ಬರೋ ಮೊದಲಿಂದು ಐತಿ."

ತಾರೀಖಿನ ವಿಚಾರ ಆಚಾರ್ಯರಿಗೆ ಹೊಳೆದೇ ಇರಲಿಲ್ಲ. ತಪ್ಪದೆ ತಾರೀಖು ಹಾಕುವುದು ಅವರ ರೂಢಿ.

"ಅವತ್ತ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು," ಎಂದರು.

ಅವಳು ಹಾಳೆಯನ್ನು ಮೊದಲಿನ ಮಡಿಕೆಗಳ ಮೇಲೆಯೇ ಮಡಚಿ ತಿರುಗಿ ಕೊಟ್ಟಳು. ಬಯ್ಯಲಿಲ್ಲ, ಅಳಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಅವ್ವ ಹೆಂಗಿದ್ದಾಳ?"

"ಹೈದರಾಬಾದಿನ್ಯಾಗ ಅದಾಳ್ರಿ. ಈಗೂ ಇಟ್ಟಂಗಿ ಹೊರತಾಳ."

ನಿಲ್ಲಲೂ ಆಗದು, ಹೋಗಲೂ ಆಗದು. ಏನಾದರೂ ಮಾತಾಡಬೇಕಲ್ಲ ಎಂದು, ಜನ್ಮವಿಡೀ ಮಾತಾಡಿದ ಮಾತನ್ನೇ ಆಡಿದರು. "ಹಿಂಡಿ ಹೆಂಗವ್ವಾ, ಪಾವು ಕಿಲೋ?"

ಭುವನೇಶ್ವರಿ ಅವರ ಹಣೆಯ ನಾಮವನ್ನೂ ಅಂಗಾರವನ್ನೂ ನೋಡಿದಳು.

"ನಿಮಗ ಹೇಳೂದು ಹೇಳಲೇನ್ರಿ, ಮಂದಿಗೆ ಹೇಳೂದು ಹೇಳಲೇನ್ರಿ?"

"ಮಂದಿಗೆ ಹೇಳೂದ ಹೇಳು."

"ಎಂಬತ್ತು."

ತಕ್ಕಡಿಯ ಮುಳ್ಳು ನಡುವೆ ನಿಲ್ಲುವ ತನಕ ಅವಳು ಕಾದಳು, ಒಂದು ಚಿಟಿಕೆ ಹೆಚ್ಚು ಹಾಕಲಿಲ್ಲ, ಕಡಿಮೆಯೂ ಹಾಕಲಿಲ್ಲ. ನೂರು ಕೊಟ್ಟರು. ಇಪ್ಪತ್ತು ತಿರುಗಿ ಬಂತು. ಬಸ್ಸಿನಲ್ಲಿ ಕುಳಿತ ಮೇಲೆ ಆಚಾರ್ಯರು ಅದೇ ಹಾಳೆಯ ಹಿಂಬದಿಗೆ ತಾರೀಖು ಹಾಕಿ ಬರೆದರು: ಐಜ, ಶೇಂಗಾ ಹಿಂಡಿ, ಪಾವು ಕಿಲೋ, ಎಂಬತ್ತು. ಆ ಬೆಲೆಯನ್ನು ಕೇಳುವವರು ಈಗ ಯಾರೂ ಇರಲಿಲ್ಲ.